ಕೈ ಎತ್ತಿದರೆ ನಿಲ್ಲಬೇಕಾದ ಹಾಡು

ಚಿಕ್ಕೋಡಿಯಲ್ಲಿ ನನ್ನ ಸಂಗೀತ ಕೇಳದವರು ಕಡಿಮೆ. ಇದು ಜಂಬದ ಮಾತಲ್ಲ, ಯಾರಿಗೂ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಪೋಲಿಯೊ ಹನಿ ಹಾಕಿಸಿರಿ ಎಂದು ಆಟೋದ ಮೇಲೆ ಭೋಂಗಾ ಕಟ್ಟಿಕೊಂಡು ಓಣಿ ಓಣಿ ತಿರುಗುತ್ತಿದ್ದರಲ್ಲ, ಆ ಹಾಡಿನ ಧಾಟಿ ನನ್ನದು. ಪತ್ತಿನ ಸೊಸೈಟಿಯ ವಾರ್ಷಿಕ ಸಭೆಯ ಸ್ವಾಗತಗೀತೆ ನನ್ನದು. ನಾನು ಸಂಗೀತ ಕಲಿಸುವ ಶಾಲೆಯ ಪ್ರಾರ್ಥನೆಯೂ ನನ್ನದೇ. ಒಂದೇ ಧಾಟಿಗೆ ಬೇರೆ ಬೇರೆ ಶಬ್ದ ಹಾಕಿ ಒಬ್ಬ ಶಾಸಕರನ್ನು ಸ್ವಾಗತಿಸಿದ್ದೇನೆ, ಒಬ್ಬ ಹೆಡ್ಮಾಸ್ತರರನ್ನು ಬೀಳ್ಕೊಟ್ಟಿದ್ದೇನೆ, ನಾದಿನಿಯ ಮಗಳಿಗೆ ಅರಿಸಿನ ಹಚ್ಚಿಸಿದ್ದೇನೆ. ಮೂವರೂ ಕಣ್ಣು ಒರೆಸಿಕೊಂಡರು. ಅಷ್ಟರಮಟ್ಟಿಗೆ ಉಪಯೋಗಕ್ಕೆ ಬರುವ ಧಾಟಿ ಅದು.

ಹುಡುಗಿಯಾಗಿದ್ದಾಗ ಭಾನುವಾರಕ್ಕೊಮ್ಮೆ ಕಾಗವಾಡ ದಾಟಿ ಮೀರಜಿಗೆ ಹೋಗಿ ಪಾಠ ಹೇಳಿಸಿಕೊಳ್ಳುತ್ತಿದ್ದೆ. ಗಾಯಕಿಯಾಗಬೇಕೆಂದು ಹೋದವಳು ನಾನು. ಕೆಲವು ವರ್ಷ ಕೇಳಿ ತಾಳಿಕೊಂಡ ಗುರುಗಳು ಒಂದು ದಿನ ತಮ್ಮ ಮರಾಠಿ ಬೆರೆತ ಕನ್ನಡದಲ್ಲಿ, "ಬಾಳ, ನಿನ್ನ ಕೈ ಭಾಳ ಚಲೋ ಐತಿ" ಎಂದರು. ನಾನು ಕಾಲಿಗೆರಗಿ, ಖುಷಿಯಿಂದ ಬಸ್ಸು ಹತ್ತಿದೆ. ಕಾಗವಾಡ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ತಲೆಗೆ ಹೊಳೆಯಿತು: ಅವರು ಕಂಠದ ಬಗ್ಗೆ ಏನೂ ಹೇಳಲಿಲ್ಲ. ಅಂದಿನಿಂದ ಹಾರ್ಮೋನಿಯಂ ಹಿಡಿದವಳು ಬಿಟ್ಟಿಲ್ಲ.

ಇಷ್ಟಾದರೂ ಒಳಗೊಳಗೆ ಒಂದು ನಂಬಿಕೆ ಇತ್ತು. ಪೋಲಿಯೊ, ಪತ್ತಿನ ಸೊಸೈಟಿ ಎಲ್ಲ ಹೊಟ್ಟೆಪಾಡು. ನನ್ನ ಕೈಯಿಂದ ಇನ್ನೂ ಒಂದು ದೊಡ್ಡ ರಚನೆ ಹುಟ್ಟುವುದಿದೆ, ಅದಕ್ಕೆ ತಕ್ಕ ದುಃಖ ಇನ್ನೂ ಒದಗಿ ಬಂದಿಲ್ಲ, ಅಷ್ಟೇ. ದುಃಖ ಒದಗಲಿ ಎಂದು ಯಾರೂ ಬೇಡಿಕೊಳ್ಳಬಾರದು. ಅದು ಬಂದಾಗ ನನ್ನ ಮನೆಬಾಗಿಲಿಗೆ ಬಂದರೂ, ಬಿದ್ದದ್ದು ಒಂದು ಮಗುವಿನ ಬೆನ್ನ ಮೇಲೆ.

ನನ್ನ ತಂಗಿ ರಾಯಬಾಗದಲ್ಲಿರುತ್ತಾಳೆ. ಅವಳ ಗಂಡ ಲಾರಿ ಓಡಿಸುತ್ತಾನೆ. ಒಬ್ಬಳೇ ಮಗಳು, ಆಗ ಮೂರನೆಯ ತರಗತಿ. ತಂಗಿಗೆ ಬೆನ್ನುಮೂಳೆಯ ಆಪರೇಷನ್ ಆಗಿ ಮೀರಜಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗುವ ಹಾಗಾಯಿತು. ಮಗುವನ್ನು ನಾನು ಕರೆತರುತ್ತೇನೆ ಎಂದೆ. ಅವಳ ಗಂಡನ ಮನೆಯವರು ಒಪ್ಪಲಿಲ್ಲ. "ನಮ್ಮ ಮನೀ ಹುಡುಗಿ ನಮ್ಮ ಮನ್ಯಾಗ ಇರಲ್ರಿ" ಎಂದು ಬೋರಗಾಂವದಲ್ಲಿ ಮಗ್ಗ ಹಾಕಿಕೊಂಡಿದ್ದ ಮಗುವಿನ ದೊಡ್ಡಪ್ಪನ ಮನೆಗೆ ಕಳಿಸಿದರು. ಮಾತು ನ್ಯಾಯವಾಗಿಯೇ ಕಂಡಿತು. ನಾನೂ ಸುಮ್ಮನಾದೆ.

ಆ ಮನುಷ್ಯ ಮಗುವನ್ನು ಹೊಡೆಯುತ್ತಿದ್ದ. ನೂಲು ತುಳಿದಳೆಂದು, ಹಾಲು ಚೆಲ್ಲಿದಳೆಂದು, ಅವ್ವ ಯಾವಾಗ ಬರ್ತಾಳ ಎಂದು ಎರಡನೆಯ ಸಲ ಕೇಳಿದಳೆಂದು. ಮಗ್ಗದ ಶೆಡ್ಡಿಗೆ ಕರೆದುಕೊಂಡು ಹೋಗಿ, ಮಗ್ಗದ ಚರ್ಮದ ಪಟ್ಟಿಯಿಂದ ಹೊಡೆಯುತ್ತಿದ್ದ. ಪವರ್‌ಲೂಮ್ ನಡೆಯುವಾಗ ಪಕ್ಕದಲ್ಲಿ ನಿಂತವರ ಮಾತೇ ಕೇಳಿಸುವುದಿಲ್ಲ. ಹೊರಗಿನವರಿಗೆ ಕೇಳುವ ಮಾತೆಲ್ಲಿ? ಅವನ ಹೆಂಡತಿಗೆ ಗೊತ್ತಿತ್ತು. ಅವಳು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಪಕ್ಕದ ಮನೆಯ ಹೆಂಗಸು ಅಂಗಳದಲ್ಲಿ ಶೇಂಗಾ ಹರವುತ್ತಿದ್ದಳಂತೆ. ಆಮೇಲೆ ನನಗೆ ಹೇಳಿದಳು: "ಮಗ್ಗ ನಿಂತ್ವುರಿ ಅಕ್ಕಾ. ನಿಂತ ಮ್ಯಾಲೂ ಒಂದು ದನಿ ಬರಾಕತ್ತಿತ್ತು." ಅವಳು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಶೆಡ್ಡಿನ ಬಾಗಿಲು ತಳ್ಳಿ ಒಳಗೆ ಹೋದಳು, ಮಗುವನ್ನು ಎತ್ತಿಕೊಂಡು ತನ್ನ ಮನೆಗೆ ತಂದು ಬಾಗಿಲಿಗೆ ಅಗಳಿ ಹಾಕಿದಳು. ಆಮೇಲೆ ಮಗುವಿನ ಅಪ್ಪನಿಗೆ ಫೋನು ಹಚ್ಚಿದಳು. ಅವನು ಎಲ್ಲೋ ದೂರದಲ್ಲಿ ಲಾರಿಯ ಮೇಲಿದ್ದ. ಅವನು ನನಗೆ ಫೋನು ಮಾಡಿದಾಗ ಮಾತಿಗಿಂತ ಅಳುವೇ ಹೆಚ್ಚಿತ್ತು. ನಾನು, ನನ್ನ ಗಂಡ ಬಾಡಿಗೆ ಕಾರಿನಲ್ಲಿ ಹೊರಟೆವು.

ಬೆನ್ನು ಹೇಗಿತ್ತೆಂದು ಬರೆಯುವುದಿಲ್ಲ. ನಿಪ್ಪಾಣಿಯ ಡಾಕ್ಟರರು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ನನ್ನ ಗಂಡನಿಗೆ ಚಿಕ್ಕೋಡಿಯಲ್ಲಿ ಬೀಜ-ಗೊಬ್ಬರದ ಅಂಗಡಿಯಿದೆ. ಮಾತು ಕಡಿಮೆ. ಸಂಗೀತವೆಂದರೆ ಇನ್ನೂ ಕಡಿಮೆ. ಆ ದಿನ ಠಾಣೆಯಲ್ಲಿ ಬೀಗರೆಲ್ಲ ಬಂದು ಸುತ್ತುಗಟ್ಟಿದರು. "ಹೊಡದಾನ, ಖರೆ ಐತ್ರಿ. ಹೊಡೀಲಾರದ ಹುಡುಗೂರು ಕಲೀತಾವೇನು? ಮನೀ ಮಾತು, ಮನ್ಯಾಗ ಮುಗಸೂಣು." ನಾನು ಕೂಗಾಡಿದೆ, ಕಣ್ಣೀರು ಹಾಕಿದೆ, ಯಾರ ಮೇಲೋ ಚೀಲ ಎತ್ತಿದೆ. ಅದರಿಂದ ಏನೂ ಆಗಲಿಲ್ಲ. ನನ್ನ ಗಂಡ ಬೆಂಚಿನ ಮೇಲೆ ಕೂತು ಹವಾಲ್ದಾರರಿಗೆ, "ನಾ ಇಲ್ಲೇ ಕುಂತಿರ್ತೀನ್ರಿ. ನೀವು ಊಟಾ ಮುಗಿಸಿಕೊಂಡು ಬಂದು ಬರಕೋರಿ" ಎಂದರು. ಹವಾಲ್ದಾರರು ಊಟ ಮುಗಿಸಿ ಬಂದರು, ಚಹಾ ಕುಡಿದು ಬಂದರು. ಇವರು ಕೂತೇ ಇದ್ದರು. ಕೊನೆಗೆ ದೂರು ಬರೆದುಕೊಂಡರು.

ಹೀಗೆ ಮಗು ನಮ್ಮ ಮನೆಗೆ ಬಂದಳು. ನಮಗೆ ಮಕ್ಕಳಿಲ್ಲ. ನಮ್ಮ ಗಡಿಯ ಕಡೆ ತಾಯಿಯ ಅಕ್ಕತಂಗಿಯರನ್ನು ಮೌಶಿ ಎನ್ನುತ್ತಾರೆ. ಅವಳ ಬಾಯಲ್ಲಿ ನಾನು ಮೌಶಿ. ಆ ಒಂದು ಶಬ್ದ ಬಿಟ್ಟರೆ ಬೇರೆ ಮಾತು ಬಹಳ ಇರಲಿಲ್ಲ. ಹೇಳದಿದ್ದರೂ ಹಾಸಿಗೆ ಮಡಚುತ್ತಿದ್ದಳು, ನನ್ನ ಒಣಗಿದ ಸೀರೆ ಮಡಚುತ್ತಿದ್ದಳು. ಮಡಚಲು ಏನೂ ಸಿಗದಿದ್ದರೆ ಓದಿ ಮುಗಿದ ಪೇಪರನ್ನಾದರೂ ಮಡಚುತ್ತಿದ್ದಳು. ನೀರು ಕುಡಿಯಲು ಅಪ್ಪಣೆ ಕೇಳುತ್ತಿದ್ದಳು. ನಾನು ಮಿಕ್ಸರ್ ಹಚ್ಚಿದರೆ ಮಾಳಿಗೆಗೆ ಹೋಗುತ್ತಿದ್ದಳು. ಅದರ ಸದ್ದಿಗೆ ಅಂಜುತ್ತಾಳೆಂದು ಒಂದು ವಾರ ಆದ ಮೇಲೆ ನನಗೆ ತಿಳಿಯಿತು. ಮಿಕ್ಸರನ್ನು ಅಟ್ಟಕ್ಕೆ ಹಾಕಿ ಒರಳಿನಲ್ಲಿ ಚಟ್ನಿ ರುಬ್ಬತೊಡಗಿದೆ. ಇದನ್ನು ಆಗ ದೊಡ್ಡ ತ್ಯಾಗವೆಂದು ಓಣಿಯಲ್ಲಿ ನಾಲ್ಕು ಮಂದಿಗೆ ಹೇಳಿಕೊಂಡೆ.

ಬೆಳಗಾವಿಯಿಂದ ಮಕ್ಕಳ ಕಲ್ಯಾಣ ಸಮಿತಿಯ ಮೇಡಂ ಒಬ್ಬರು ಬರುತ್ತಿದ್ದರು. ಬಹಳ ಸಮಾಧಾನದ ಹೆಂಗಸು. "ಒತ್ತಾಯ ಮಾಡಬ್ಯಾಡ್ರಿ. ಆಡ್ಲಿ, ಚಿತ್ರಾ ತಗೀಲಿ, ಬೇಕಂದ್ರ ಹಾಡ್ಲಿ. ಏನ ಮಾಡೂದಿದ್ರೂ ಮೊದಲ ಆಕೀನ್ನ ಕೇಳ್ರಿ" ಎಂದು ನನಗೆ ಹೇಳಿದರು. ಇಷ್ಟು ಮಾತಿನಲ್ಲಿ ನನ್ನ ಕಿವಿ ಹಿಡಿದುಕೊಂಡದ್ದು ಒಂದೇ ಶಬ್ದ: ಹಾಡು. ಹೊರಡುವಾಗ ಅವರು, ಚಿಕ್ಕೋಡಿಯಲ್ಲಿ ಮಕ್ಕಳ ಸಲುವಾಗಿ ಒಂದು ಕಾರ್ಯಕ್ರಮ ಇದೆ, ನಿಮ್ಮ ಶಾಲೆಯಿಂದಲೂ ಏನಾದರೂ ಮಾಡಿಸಿರಿ ಎಂದರು. ಮುಗಿಯಿತು. ನನ್ನ ದೊಡ್ಡ ರಚನೆಗೆ ದುಃಖ ಸಿಕ್ಕಿತ್ತು, ವೇದಿಕೆಯೂ ಸಿಕ್ಕಿತು.

ಮೊದಲು ತೋಡಿ ರಾಗ ಹಿಡಿದೆ. ಎರಡು ದಿನ ಆದ ಮೇಲೆ ತೋಡಿ ಸಾಲದೆನಿಸಿ ಅದಕ್ಕಿಂತ ಹೆಚ್ಚು ಅಳಿಸುವ ಜೋಗಿಯಾಕ್ಕೆ ಇಳಿದೆ. ಶಬ್ದವಿಲ್ಲದ, ಬರೇ ಹಾರ್ಮೋನಿಯಂನ ರಚನೆ. ಒಂದು ಸ್ವರ ಹಿಡಿದು ಎಳೆದು, ಎಳೆದು, ಅದು ಇನ್ನೇನು ಪ್ರಾಣ ಬಿಡುತ್ತದೆ ಎನ್ನುವಾಗ ಪಕ್ಕದ ಸ್ವರಕ್ಕೆ ಜಾರಿಸುವುದು. ನಾನು ಬಾರಿಸಿದ್ದಕ್ಕೆ ನಾನೇ ಅತ್ತುಬಿಟ್ಟೆ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಾಗ ಕನ್ನಡಿಯಲ್ಲಿ ಹೇಗೆ ಕಾಣುತ್ತೇನೆಂದೂ ನೋಡಿಕೊಂಡೆ. ಅಂಗಡಿಯಿಂದ ಊಟಕ್ಕೆ ಬಂದ ಗಂಡ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಯಾರ ಹೋದ್ರು?" ಎಂದರು.

"ಯಾರೂ ಹೋಗಿಲ್ಲ. ರಚನೆ ಅದು."

"ಹಂಗಾರ ಊಟಾ ಹಾಕು."

ಮಗು ಮಾತ್ರ ಕೂತು ಪೂರ್ತಿ ಕೇಳಿದಳು. ನಾನು ಕೊನೆಯ ಸ್ವರ ಬಿಟ್ಟು, ಕಣ್ಣು ಮುಚ್ಚಿಕೊಂಡು, ಅವಳೇನಾದರೂ ಅಂದಾಳೆಂದು ಕಾದೆ. ಹತ್ತಿರ ಬಂದು ನನ್ನ ಮೊಣಕೈ ಮುಟ್ಟಿ ಕೇಳಿದಳು: "ಮೌಶಿ, ಹೊಟ್ಟಿ ನೋಯಾಕತ್ತೈತೇನು?"

ಅಲ್ಲಿಗೆ ಬುದ್ಧಿ ಬರಬೇಕಿತ್ತು, ಬರಲಿಲ್ಲ. ಕೊರತೆ ಎಲ್ಲಿದೆ ಎಂದು ಯೋಚಿಸಿದೆ. ತಾಳವಿಲ್ಲ, ಅದೇ ಕೊರತೆ ಎನಿಸಿತು. ಆಗ ಆ ವಿಚಾರ ಬಂತು. ಬಂದ ಗಳಿಗೆಯಲ್ಲಿ ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕೆನಿಸಿತು. ಮಗ್ಗ! ಮಗ್ಗದ ತಾಳವನ್ನೇ ರಚನೆಯಲ್ಲಿ ತಂದರೆ? ಮೇಲೆ ಅಳುವ ಹಾರ್ಮೋನಿಯಂ, ಕೆಳಗೆ ದಯೆಯಿಲ್ಲದ ಮಗ್ಗದ ಖಟ್‌ಖಟ್. ಧಾರವಾಡದ ದೊಡ್ಡ ದೊಡ್ಡ ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆಯುವುದು ನನ್ನ ಕಣ್ಣಿಗೆ ಕಟ್ಟಿತು.

ನಮ್ಮ ಓಣಿಯ ತುದಿಯಲ್ಲಿ ಒಬ್ಬ ಟೇಲರ್ ಕಾಕಾ ಇದ್ದಾರೆ. ಹೆಂಗಸರ ಜಂಪರು ಹೊಲಿಯುವುದು ಅವರ ಕೆಲಸ. ಕವ್ವಾಲಿ, ಶಾಲೆಯ ಗ್ಯಾದರಿಂಗು ಏನಿದ್ದರೂ ಢೋಲಕಿ ಅವರದೇ. ನನ್ನ ಎಲ್ಲ ರಚನೆಗಳಿಗೂ, ಪೋಲಿಯೊ ಹಿಡಿದು, ಅವರೇ ಸಾಥಿ. ನನ್ನನ್ನು ಶಾಲೆಯ ಮಕ್ಕಳ ಹಾಗೆ ಬಾಯಾರ ಎಂದು ಕರೆಯುತ್ತಾರೆ. ಅವರನ್ನು ಮನೆಗೆ ಕರೆಸಿ ನನಗೆ ಬೇಕಾದದ್ದನ್ನು ಹೇಳಿದೆ. ಕಾಕಾ ಢೋಲಕಿಯ ಹಗ್ಗ ಎಳೆಯತೊಡಗಿದರು.

"ಬಾಯಾರ, ಹುಡುಗಿ ಒಳಗ ಅದಾಳಲ್ರಿ."

"ಅದಾಳ. ಆಕೀ ಸಲುವಾಗೇ ಮಾಡಾಕತ್ತೀನಲ್ಲ."

"ಅಂಜಿದ್ರ?"

"ಕಲಾ ಅಂದ್ರ ಹಂಗ ಕಾಕಾ" ಎಂದೆ ನಾನು. ಈ ಮಾತು ಎಲ್ಲಿ ಓದಿದ್ದೆನೋ.

ಕಾಕಾ ಶುರು ಮಾಡಿದರು. ಅವರ ಕೈ ಅಂಥದ್ದು, ಮಗ್ಗವೇ ಬಂದು ನಡುಮನೆಯಲ್ಲಿ ಕೂತಂತಾಯಿತು. ನಾನು ಜೋಗಿಯಾ ಹಚ್ಚಿದೆ. ಕಣ್ಣು ಮುಚ್ಚಿ ಬಾರಿಸುತ್ತಿದ್ದೆ, ಆದ್ದರಿಂದ ಏನೂ ಕಾಣಲಿಲ್ಲ. ಢೋಲಕಿ ತಟ್ಟನೆ ನಿಂತಾಗ ಸಿಟ್ಟಿನಿಂದ ಕಣ್ಣು ಬಿಟ್ಟೆ. ಕಾಕಾ ಎದ್ದು ನಿಂತಿದ್ದರು. "ಹುಡುಗಿ ಓಡಿ ಹೋತ್ರಿ" ಎಂದರು.

ಮಾಳಿಗೆಯ ಮೇಲೆ ನೀರಿನ ಟಾಕಿಯ ಹಿಂದೆ ಸಿಕ್ಕಳು. ಗೋಡೆ ಮತ್ತು ಟಾಕಿಯ ನಡುವಿನ ಸಂದಿಯಲ್ಲಿ, ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು. ಲಂಗ ಒದ್ದೆಯಾಗಿತ್ತು. ಹಿಡಿಯಲು ಹೋದರೆ ಇನ್ನೂ ಒಳಗೆ ಸರಿದಳು. ನಾನು ಬಿಸಿಲಿನಲ್ಲಿ ಸ್ವಲ್ಪ ದೂರ ಕೂತೆ. ಎಷ್ಟೋ ಹೊತ್ತು ಕೂತೆ. ಆಮೇಲೆ ಅವಳೇ ಕೇಳಿದಳು.

"ಮೌಶಿ, ಇವತ್ತ ಕರೆಂಟ್ ಯಾವಾಗ ಹೋಗ್ತೈತಿ?"

ಕರೆಂಟು ಹೋಗುವುದನ್ನೇ ಕಾಯುತ್ತ ಅವಳು ಬೋರಗಾಂವದ ಆ ಶೆಡ್ಡಿನಲ್ಲಿ ಎಷ್ಟು ಮಧ್ಯಾಹ್ನ ಕಳೆದಿದ್ದಳೋ. "ಬಾರಿಸೂದು ನಿಂತೈತಿ ನನ್ನವ್ವಾ. ಇನ್ನ ಅದನ್ನ ಎಂದೂ ಬಾರಿಸೂದಿಲ್ಲ" ಎಂದೆ. ನನ್ನ ಕಂಠ ಬೇಸುರಾಗಿತ್ತು, ಎಂದಿನಂತೆ.

ಅಂದು ಸಂಜೆ ಹಾರ್ಮೋನಿಯಂಗೆ ಬಟ್ಟೆ ಕಟ್ಟಿ ಗೋಡೆಯ ಕಡೆ ತಿರುಗಿಸಿ ಇಟ್ಟೆ. ಜೀವಮಾನದಲ್ಲಿ ಇನ್ನು ಮುಟ್ಟುವುದಿಲ್ಲ ಎಂದು ಗಂಡನಿಗೆ ಹೇಳಿದೆ. ಅವರು ರೊಟ್ಟಿ ಮುರಿಯುತ್ತ, "ಶಾಲೀಗೆ ರಾಜೀನಾಮೆ ಕೊಡಾಕಿ ಏನು?" ಎಂದು ಕೇಳಿದರು. ಅಷ್ಟು ದೂರ ನಾನು ವಿಚಾರ ಮಾಡಿರಲಿಲ್ಲ.

ಮರುದಿನ ಕಾಕಾ ಬಂದರು, ಒಂದು ಚೀಲದಲ್ಲಿ ಪೇರಲ ಹಣ್ಣು ತಂದಿದ್ದರು. ಢೋಲಕಿಯನ್ನು ಬಾಗಿಲ ಹೊರಗೇ ಇಟ್ಟು ಒಳಗೆ ಬಂದು, ಮಗುವಿನಿಂದ ದೂರ ನೆಲದ ಮೇಲೆ ಕೂತರು.

"ತಪ್ಪ ಆತು ಬೇಟಿ. ನಾ ಹಂಗ ಬಾರಿಸಬಾರದಾಗಿತ್ತು."

ಮಗು ಅವರನ್ನೇ ನೋಡಿದಳು. ದೊಡ್ಡವರೊಬ್ಬರು ತನ್ನೆದುರು ತಪ್ಪಾಯಿತು ಎಂದದ್ದನ್ನು ಬಹುಶಃ ಅವಳು ಮೊದಲ ಸಲ ಕೇಳುತ್ತಿದ್ದಳು. ಒಂದು ಪೇರಲ ತೆಗೆದುಕೊಂಡಳು. ತಿನ್ನಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಕೇಳಿದಳು.

"ನಾ ನಿಂದ್ರಸ್ರಿ ಅಂದಿದ್ರ ನಿಂದ್ರಸ್ತಿದ್ರೇನು?"

"ಖುದಾ ಕಸಂ, ನಿಂದ್ರಸ್ತಿದ್ದೆ."

"ನಂಗ ಬಾಯಿಂದ ಅನ್ನಾಕ ಬರಲಿಲ್ಲ."

"ಹಂಗಾರ ಕೈ ಎತ್ತು. ಸುಮ್ಮ ಕೈ ಎತ್ತಿದ್ರ ಸಾಕು."

ಅವಳು ಪೇರಲವನ್ನು ಮಡಿಲಲ್ಲಿಟ್ಟುಕೊಂಡು, "ಈಗ ಬಾರಿಸ್ರಿ. ಮಗ್ಗದ್ದು ಬ್ಯಾಡ" ಎಂದಳು. ಕಾಕಾ ಢೋಲಕಿ ಒಳಗೆ ತಂದು ಮದುವೆ ಮನೆಯ ಒಂದು ಸಾದಾ ಠೇಕಾ ಬಾರಿಸಿದರು. ಅವಳು ಮೆಲ್ಲಗೆ ಕೈ ಎತ್ತಿದಳು, ಅದೂ ಭುಜದವರೆಗೆ ಮಾತ್ರ. ಢೋಲಕಿ ನಿಂತಿತು. ಕೈ ಇಳಿಸಿದಳು, ಢೋಲಕಿ ಹೊರಟಿತು. ಎತ್ತಿದಳು, ನಿಂತಿತು. ಕಾಕಾ ಬೇಕೆಂದೇ ಕಣ್ಣು ಅಗಲ ಮಾಡಿ, ಕೈಯನ್ನು ಗಾಳಿಯಲ್ಲಿಯೇ ಕಲ್ಲು ಮಾಡಿಕೊಂಡು ಕೂರುತ್ತಿದ್ದರು. ಎಷ್ಟು ಸಲ ಆಯಿತೋ, ಒಮ್ಮೆ ಅವರ ಮೂಗಿನ ಮೇಲೆ ನೊಣ ಕೂತರೂ ಕೈ ಇಳಿಸಲಿಲ್ಲ. ಆಗ ಅವಳು ನಕ್ಕಳು. ನಮ್ಮ ಮನೆಗೆ ಬಂದ ಮೇಲೆ ಮೊದಲ ನಗು. ಪೇರಲ ಕಚ್ಚಿದಳು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದೆ. ಅಷ್ಟೇ ಆಗಿದ್ದರೆ ನನ್ನನ್ನು ಒಳ್ಳೆಯ ಹೆಂಗಸು ಎನ್ನಬಹುದಿತ್ತು. ಆದರೆ ಅಳುತ್ತಿರುವಾಗಲೇ ನನ್ನ ತಲೆಯಲ್ಲಿ, ಈ ಠೇಕಾಕ್ಕೆ ದುರ್ಗಾ ರಾಗ ಎಷ್ಟು ಚೆನ್ನಾಗಿ ಕೂಡುತ್ತದೆ ಎಂಬ ವಿಚಾರವೂ ಓಡುತ್ತಿತ್ತು.

ಈ ಸಲ ಅವಳನ್ನು ಕೇಳಿದೆ. "ನಿನಗ ಎಂಥಾ ಹಾಡ ಬೇಕು?"

"ಓಡೂವಂಥಾದ್ದು."

"ಯಾರ ಓಡಬೇಕು?"

"ಹಾಡ ಓಡಬೇಕು. ನಾ ನಿಂದ್ರು ಅಂದ್ರ ನಿಂದ್ರಬೇಕು."

ಹಾಗೆ ಹುಟ್ಟಿತು ಅದು. ದುರ್ಗಾ ರಾಗದ ಓಟದ ಧಾಟಿ. ಮೊದಲು ಹಾರ್ಮೋನಿಯಂ ಒಂದೇ ಹೊರಡುತ್ತದೆ, ನಂತರ ಢೋಲಕಿ ಸೇರುತ್ತದೆ. ಮೂರನೆಯದು ಅಂತರಾ, ಅಂದರೆ ಧಾಟಿ ಮೇಲಿನ ಸ್ವರಗಳಿಗೆ ಏರುವ ಭಾಗ. ಆ ಅಂತರಾ ನಾನು ಜೀವನದಲ್ಲಿ ಕಟ್ಟಿದ್ದರಲ್ಲೆಲ್ಲ ಉತ್ತಮವಾದದ್ದು. ಇದನ್ನು ವಿನಯ ಬಿಟ್ಟು ಹೇಳುತ್ತೇನೆ, ಯಾಕೆಂದರೆ ನನ್ನನ್ನು ಬಿಟ್ಟು ಹೇಳುವವರು ಯಾರೂ ಇಲ್ಲ. ನಿಯಮ ಒಂದೇ: ಮಗು ಎದುರಿಗೆ ನಿಲ್ಲುತ್ತಾಳೆ, ಕೈ ಎತ್ತಿದರೆ ಎಲ್ಲಿದ್ದರೆ ಅಲ್ಲೇ ನಿಲ್ಲಬೇಕು. ಕೈ ಇಳಿಸಿದರೆ ಮುಂದೆ.

ಅಭ್ಯಾಸ ನಡೆಯಿತು. ಅವಳು ಎಲ್ಲೆಲ್ಲಿ ನಿಲ್ಲಿಸುವಳು ಎಂಬುದಕ್ಕೆ ಲೆಕ್ಕವಿರಲಿಲ್ಲ. ನಾನು ಸ್ವರಗಳನ್ನು ತಿರುವಿ ಒಂದು ಚಂದದ ಮುರಕಿ ತೆಗೆದುಕೊಂಡರೆ ಅದರ ಅರ್ಧಕ್ಕೆ ಕೈ ಎತ್ತುವಳು. ನಾನು ಹಲ್ಲು ಕಚ್ಚಿ ನಿಲ್ಲುವೆ. "ಮೌಶಿ ಒಂದು ಸ್ವರಾ ಜಾಸ್ತಿ ಬಾರಿಸಿದ್ಲು" ಎಂದು ಕಾಕಾರಿಗೆ ಚಾಡಿ ಹೇಳುವಳು. ಅಂತರಾ ಮುಟ್ಟಿದ ದಿನ ಒಂದೇ, ಅಂದು ಅವಳು ಬಚ್ಚಲಿಗೆ ಹೋಗಿದ್ದಳು.

ಆ ನಡುವೆ ಅವಳ ಹೇಳಿಕೆ ತೆಗೆದುಕೊಳ್ಳುವುದಿತ್ತು. ಸಮಿತಿಯ ಮೇಡಂ ಬಂದು ಪಕ್ಕದಲ್ಲಿ ಕೂತರು, ಬರೆದುಕೊಳ್ಳಲು ಒಬ್ಬ ಹೆಣ್ಣು ಪೊಲೀಸ್ ಬಂದಿದ್ದರು. ನನ್ನನ್ನು ಹೊರಗೆ ಕಳಿಸಿದರು. ಬಾಗಿಲು ಮುಚ್ಚುವ ಮೊದಲು ಮಗು ಅವರಿಗೆ ಹೇಳಿದ್ದು ಕೇಳಿಸಿತು: "ನಾ ಕೈ ಎತ್ತಿದ್ರ ನೀವು ಕೇಳೂದು ನಿಂದ್ರಸ್ಬೇಕು." ಮೇಡಂ, "ಆಗ್ಲಿ ಪುಟ್ಟಾ" ಎಂದರು. ಎಷ್ಟು ಸಲ ಎತ್ತಿದಳೋ ನನಗೆ ಗೊತ್ತಿಲ್ಲ. ಒಳಗಿನ ಮಾತು ಆಗಾಗ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಪೂರ್ತಿ ಹೇಳಿ ಮುಗಿಸಿ ಹೊರಗೆ ಬಂದಳು, ಹಸಿವಾಗಿದೆ ಎಂದಳು.

ಕಾರ್ಯಕ್ರಮದ ದಿನ ಬಂತು. ಸಭಾಭವನದ ತುಂಬ ಅಥಣಿ, ರಾಯಬಾಗದಿಂದೆಲ್ಲ ಬಂದ ಶಾಲೆಯ ಮಕ್ಕಳು. ವೇದಿಕೆಯ ಮೇಲೆ ಸಾಹೇಬರು, ಹಾರ, ಶಾಲು. ನಾನು ಇಳಕಲ್ ಸೀರೆ ಉಟ್ಟು ಅಬ್ಬಲಿಗೆ ಮುಡಿದಿದ್ದೆ. ಬಾರಿಸುವ ಮೊದಲು ಆಡಲೆಂದು ಒಂದು ಭಾಷಣವನ್ನೂ ಬಾಯಿಪಾಠ ಮಾಡಿದ್ದೆ: ಈ ರಚನೆ ಹುಟ್ಟಿದ ನೋವಿನ ಹಿನ್ನೆಲೆ. ಮಗುವಿಗೆ ಹಿಂದಿನ ದಿನವೇ ಹೇಳಿ ನೋಡಿದ್ದೆ. "ಬ್ಯಾಡ" ಎಂದಿದ್ದಳು. ಆದರೂ ಮೈಕಿನ ಮುಂದೆ ಕೂತಾಗ ಬಾಯಿ ತಾನಾಗಿ ತೆರೆಯಿತು. "ಈ ರಚನೆಯ ಹಿಂದೆ ಒಂದು…" ಎನ್ನುವಷ್ಟರಲ್ಲಿ ಎದುರಿಗೆ ನಿಂತಿದ್ದ ಮಗು ಕೈ ಎತ್ತಿದಳು.

ನಾನು ಅಲ್ಲಿಗೇ ಮಾತು ನಿಲ್ಲಿಸಿದೆ. ಬಾಯಿ ಮುಚ್ಚಿಕೊಂಡೆ. ಮೊದಲ ಸಾಲಿನಲ್ಲಿದ್ದ ನನ್ನ ಗಂಡ ಮುಖಕ್ಕೆ ಕರವಸ್ತ್ರ ಹಿಡಿದುಕೊಂಡರು. ನಗುತ್ತಿದ್ದರೆಂದು ಭುಜ ನೋಡಿ ತಿಳಿಯಿತು.

ಹಾರ್ಮೋನಿಯಂ ಹೊರಟಿತು, ಢೋಲಕಿ ಸೇರಿತು. ಧಾಟಿ ಓಡತೊಡಗಿದ ಹಾಗೆ ಮಕ್ಕಳು ತೊಡೆಯ ಮೇಲೆ ತಾಳ ಹಾಕಿದರು. ಅವಳು ಸಭೆಯ ಕಡೆ ತಿರುಗಿ, ಬಲಗೈಯನ್ನು ತಲೆಯ ಮೇಲೆ ಪೂರ್ತಿ ಎತ್ತಿದಳು. ನಾವು ನಿಂತೆವು.

ಸಭೆಗೆ ಏನು ಗೊತ್ತು? ಸೌಂಡ್ ಸಿಸ್ಟಮ್ಮಿನ ಹುಡುಗ ಓಡಿ ಬಂದು ಮೈಕು ಬಡಿದು ನೋಡಿದ. ಸಾಹೇಬರು ಮುಗಿಯಿತೆಂದು ಚಪ್ಪಾಳೆ ತಟ್ಟಿದರು, ಅವರನ್ನು ನೋಡಿ ಉಳಿದವರು ತಟ್ಟಿದರು. "ಬಾಯಾರು ಮರತ್ರು ಕಾಣ್ತೈತಿ" ಎಂದು ನಮ್ಮ ಶಾಲೆಯ ಸಹೋದ್ಯೋಗಿಯ ದನಿ ನನಗೆ ಸ್ಪಷ್ಟವಾಗಿ ಕೇಳಿತು. ಮಗು ಕೈ ಇಳಿಸಲಿಲ್ಲ. ಚಪ್ಪಾಳೆ ಆರಿತು, ಗುಜುಗುಜು ಆರಿತು. ಅಷ್ಟು ದೊಡ್ಡ ಸಭಾಭವನದಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಅವಳು ಎಲ್ಲ ಸಾಲುಗಳನ್ನೂ ಸಾವಕಾಶವಾಗಿ ನೋಡಿದಳು. ಕೊನೆಯ ಸಾಲಿನಲ್ಲಿ ಸೊಂಟಕ್ಕೆ ಪಟ್ಟಾ ಕಟ್ಟಿಕೊಂಡು ಅವಳ ಅವ್ವ ಕೂತಿದ್ದಳು; ಆಸ್ಪತ್ರೆಯಿಂದ ಬಿಡುಗಡೆಯಾಗಿ ಕೆಲವೇ ದಿನ ಆಗಿದ್ದವು. ಅಲ್ಲಿಯವರೆಗೂ ನೋಡಿ, ಕೈ ಇಳಿಸಿದಳು.

ನಾವು ಬಿಟ್ಟ ಸ್ವರದಿಂದ ಹಿಡಿದೆವು. ಸ್ವಲ್ಪ ಹೊತ್ತಿಗೆ ಮತ್ತೆ ಕೈ ಎತ್ತಿದಳು. ಮುಂದೆ ನೆಲದ ಮೇಲೆ ಕೂತಿದ್ದ ಮಕ್ಕಳಿಗೆ ಆಟ ತಿಳಿಯಿತು. ಒಂದು ಹುಡುಗಿ ತಾನೂ ಕೈ ಎತ್ತಿದಳು. ನಮ್ಮವಳು ಅವಳನ್ನು ನೋಡಿ, ತನ್ನ ಕೈ ಇಳಿಸಿ, ನಮ್ಮ ಕಡೆ ತಿರುಗಿ, "ಆಕೀದು ಇನ್ನಾ ಮ್ಯಾಲೈತಿ, ಬಾರಿಸಬ್ಯಾಡ್ರಿ" ಎಂದಳು. ಆ ಮಾತು ಮೈಕಿನಲ್ಲಿ ಹೋಯಿತು. ಅಷ್ಟೇ ಸಾಕಾಯಿತು, ಸಭೆಯ ಮಕ್ಕಳೆಲ್ಲ ಕೈ ಎತ್ತಿದರು. ಒಬ್ಬರದು ಇಳಿದರೆ ಇನ್ನೊಬ್ಬರದು ಏಳುತ್ತಿತ್ತು. ಕಾಕಾ ಒಂದು ಪೆಟ್ಟು ಹಾಕುವರು, ನಿಲ್ಲುವರು. ನಾನು ಒಂದು ಸ್ವರ ಒತ್ತುವೆ, ನಿಲ್ಲುವೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಸಾಹೇಬರೂ ನಗುತ್ತ ಒಮ್ಮೆ ಕೈ ಎತ್ತಿದರು; ಅವರ ಸಲುವಾಗಿಯೂ ನಿಲ್ಲಿಸಬೇಕಾಯಿತು.

ನನ್ನ ಲಕ್ಷ್ಯವೆಲ್ಲ ಅಂತರಾದ ಮೇಲೆ. ಇನ್ನು ಒಂದೇ ಒಂದು ಆವರ್ತ ಸುಮ್ಮನೆ ಬಿಟ್ಟರೆ ಸಾಕು, ಏರಿಬಿಡುತ್ತೇನೆ ಎಂದು ಬೆರಳು ತಯಾರು ಇಟ್ಟುಕೊಂಡಿದ್ದೆ. ಆಗ ಮಗು ನನ್ನ ಬಳಿ ಬಂದು, "ಸಾಕು ಮೌಶಿ" ಎಂದಳು. ಎಂದವಳೇ ಮೆಟ್ಟಿಲಿಳಿದು, ಸಾಲುಗಳ ನಡುವೆ ನಡೆದು, ಹಿಂದೆ ಅವ್ವನ ಪಕ್ಕ ಹೋಗಿ ಕೂತಳು. ನಿರೂಪಕರು ಮೈಕು ಹಿಡಿದು, "ತಾಂತ್ರಿಕ ಅಡಚಣೆಯಿಂದ ಪ್ರಾರ್ಥನಾಗೀತೆಯನ್ನು ಇಲ್ಲಿಗೇ ಮುಗಿಸಲಾಗಿದೆ" ಎಂದು ಘೋಷಿಸಿದರು. ಜೀವಮಾನದ ದೊಡ್ಡ ರಚನೆ ಹೀಗೆ ಪ್ರಾರ್ಥನಾಗೀತೆಯಾಗಿ, ಅದೂ ಅರ್ಧಕ್ಕೆ, ತೀರಿಕೊಂಡಿತು. ಕೆಳಗಿಳಿದು ಬಂದಾಗ ತಂಗಿ ನನ್ನ ಕೈ ಹಿಡಿದುಕೊಂಡಳು. ಕಾಕಾ ಮಾತ್ರ, "ಚಲೋ ಆತ್ರಿ ಬಾಯಾರ, ನಿಮ್ಮ ಅಂತರಾ ಮುಟ್ಟಿದ್ದ ಒಂದ ದಿನ, ಅವತ್ತೂ ನಾ ತಪ್ಪಿದ್ದೆ" ಎಂದರು.

ಕೇಸು ಕೆಲವು ವರ್ಷ ನಡೆಯಿತು. ಶೇಂಗಾ ಹರವುತ್ತಿದ್ದ ಆ ಹೆಂಗಸು ಓಣಿಯವರ ಬಾಯಿಗೆ ಅಂಜದೆ ಬಂದು ಸಾಕ್ಷಿ ಹೇಳಿದಳು. ಆ ದೊಡ್ಡಪ್ಪನಿಗೆ ಶಿಕ್ಷೆಯಾಯಿತು. ತಂಗಿಯ ಗಂಡ ಅಣ್ಣನ ಮನೆಯ ಕಡೆ ಇಂದಿಗೂ ಹೋಗುವುದಿಲ್ಲ. ಬೀಗರಲ್ಲಿ ಅರ್ಧ ಜನ ನಮ್ಮನ್ನು ಮದುವೆಗೆ ಕರೆಯುವುದಿಲ್ಲ, ಅದರಿಂದ ಉಡುಗೊರೆಯ ಸೀರೆಗಳು ಉಳಿದಿವೆ. ಮಗು ಅವ್ವ ನಡೆದಾಡುವ ಹಾಗಾದ ಮೇಲೆ ರಾಯಬಾಗಕ್ಕೆ ಹೋದಳು. ಈಗ ಕಾಲೇಜಿನ ಮೆಟ್ಟಿಲು ಹತ್ತಿದ್ದಾಳೆ. ಖೋಖೋ ಆಡುತ್ತಾಳೆ, ತಾಲೂಕಿನ ತಂಡದಲ್ಲಿದ್ದಾಳೆ. ಗದ್ದಲದ ಜಾಗಕ್ಕೆ ಹೋಗಬೇಕಾದರೆ ಈಗಲೂ ಮೊದಲು ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳುತ್ತಾಳೆ. ಸಂಗೀತ ಕಲಿ ಎಂದು ನಾನು ಹೇಳಿದ್ದೆ, ನಕ್ಕುಬಿಟ್ಟಳು.

ಕಳೆದ ದೀಪಾವಳಿಗೆ ರಾಯಬಾಗಕ್ಕೆ ಹೋಗಿದ್ದೆ. ಫರಾಳ ತಿನ್ನುತ್ತ, ತಡೆಯಲಾರದೆ ಕೇಳಿಯೇಬಿಟ್ಟೆ.

"ಆ ಹಾಡು ನೆನಪೈತೇನವಾ, ಸಭಾಭವನದಾಗ ಬಾರಿಸಿದ್ದು?"

ಅವಳು ಚಕ್ಕಲಿ ಮುರಿದು ಯೋಚಿಸಿದಳು. "ಹಾಡ ನೆನಪಿಲ್ಲ ಮೌಶಿ. ಅವತ್ತ ಹೊಸಾ ಚಪ್ಪಲ್ ಕೊಡಸಿದ್ರಲ್ಲ, ಅವು ಕಚ್ಚಿ ಹಿಮ್ಮಡಾ ಸುಲದಿತ್ತು. ಅದಷ್ಟ ನೆನಪೈತಿ."

"ಧಾಟಿ? ಸ್ವಲ್ಪನೂ?"

"ಒಂಚೂರು ಹಾಡಿ ತೋರಸು, ನೆನಪಾದೀತು."

ನಾನು ಗಂಟಲು ಸರಿಮಾಡಿಕೊಂಡು ಅಂತರಾದಿಂದಲೇ ಶುರು ಮಾಡಿದೆ. ಅವಳು ಪೂರ್ತಿ ಕೇಳಿದಳು, ತಡೆಯಲಿಲ್ಲ. ಮುಗಿದ ಮೇಲೆ ತಲೆಯಾಡಿಸಿ, "ಇದು ನಾ ಕೇಳೇ ಇಲ್ಲ ಬಿಡು" ಎಂದು ಇನ್ನೊಂದು ಚಕ್ಕಲಿಗೆ ಕೈ ಹಾಕಿದಳು.